ದಿಂಬಿನ ಬಣ್ಣ

ಮೂರನೇ ಬಾಲ್ದಿ ಸುರಿದರೂ ನೀರು ಹಳದಿಯಾಗಿಯೇ ಇಳಿಯಿತು.

ರತ್ನಾವತಿ ಬೆಂಚಿನ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗಂಡನ ಅಂಗಾಲನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಹಿಮ್ಮಡಿಯ ಒಡಕುಗಳಲ್ಲಿ ಕೂತಿದ್ದ ಬಣ್ಣ ನಾರಿಗೆ ಬಂತು, ಅವಳ ಬೆರಳಿಗೆ ಬಂತು, ಆಮೇಲೆ ಕಟ್ಟಡದ ಸಿಮೆಂಟಿನ ಅಂಗಳಕ್ಕೆ ಇಳಿದು ಚರಂಡಿಯ ಕಡೆ ಹೊರಟಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಸಾಕು ಅತ್ತಿಗೆ. ಇನ್ನು ಗಂಡಸರು ಮೀಯಿಸ್ತಾರೆ. ಹೆಂಡತಿ ಮೀಯಿಸುವ ಕ್ರಮ ಎಲ್ಲಿಯಾದ್ರೂ ಉಂಟಾ?" ಎಂದಳು ಸುಂದರಿ. ಸತ್ತ ಮುಂಡಪ್ಪನ ಒಬ್ಬಳೇ ತಂಗಿ. ಬೆಳಿಗ್ಗೆ ನೆರೂಳಿನಿಂದ ಬಂದಾಗಿನಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಅಳುತ್ತಿದ್ದಳು.

"ಗಂಡಸರಿಗೆ ಈ ಬಣ್ಣ ತೆಗೆಯಲಿಕ್ಕೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ತೆಗೆದದ್ದು ನಾನು. ಭುಜಂಗಣ್ಣ, ಆ ಬಟ್ಟಲು ಇಲ್ಲಿ ಕೊಡಿ."

ಭುಜಂಗ ಸ್ಟೀಲಿನ ಬಟ್ಟಲು ತಂದಿಟ್ಟ. ಅದರಲ್ಲಿ ಬ್ಲೀಚಿಂಗ್ ಪುಡಿಯನ್ನು ನೀರಿಗೆ ಕದಡಿದ್ದರು. ಅವನು ವಿಜಾಪುರದ ಕಡೆಯವನು, ಬೊಂಬಾಯಿ ಹತ್ತಿರದ ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಮುಂಡಪ್ಪನ ಜೊತೆ ಹದಿನೆಂಟು ವರ್ಷ ದುಡಿದವನು. ಅವನ ಉಗುರೂ ಹಳದಿಯೇ.

"ತಿಕ್ರೀ ವೈನಿ, ಚಂದಂಗ ತಿಕ್ರಿ," ಎಂದ. "ನಾ ನೀರ ಹಾಕ್ತೀನಿ. ಕ್ರಮ ಗಿಮ ಅನ್ನಾವ್ರು ಮದ್ಲ ಮೂಗಿನ ಮ್ಯಾಲಿನ ಬಟ್ಟಿ ತಗದು ಮಾತಾಡ್ಲಿ."

ಸುಂದರಿ ಸೆರಗು ಇಳಿಸಿದಳು. ಕ್ಷಣದಲ್ಲೇ ಮತ್ತೆ ಏರಿಸಿದಳು. ಅವಳ ತಪ್ಪೂ ಅಲ್ಲ. ಮೇ ತಿಂಗಳ ಬಿಸಿಲು, ಬ್ಲೀಚಿಂಗ್ ಪುಡಿಯ ಘಾಟು, ಅದರ ಹಿಂದೆ ಕಾಂಪೌಂಡಿನಾಚೆಯ ನಾಲೆಯ ಕೊಳೆತ ಮೊಟ್ಟೆಯ ವಾಸನೆ. ಆ ನಾಲೆ ಕಾರ್ಖಾನೆಗಳ ಹಿಂದಿನಿಂದ ಬರುತ್ತದೆ. ಅವತ್ತು ಅದು ನೇರಳೆ ಬಣ್ಣದಲ್ಲಿ ಹರಿಯುತ್ತಿತ್ತು.

ಐದನೇ ಬಾಲ್ದಿಯ ನೀರು ತಿಳಿಯಾಗಿ ಇಳಿಯಿತು. ರತ್ನಾವತಿ ಅದನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ನೋಡಿದಳು. ಒಣ ಟವೆಲಿನಿಂದ ಗಂಡನ ಕತ್ತು, ಕಂಕುಳು, ಬೆರಳ ಸಂದು ಒರೆಸಿ ಟವೆಲು ನೋಡಿದಳು. ಕಲೆ ಇರಲಿಲ್ಲ. ಆಗ ಬಿಳಿ ಬಟ್ಟೆ ಹೊದಿಸಲು ಬಿಟ್ಟಳು. ಮೂವರು ನೆಂಟರು ತಂದ ಮೂರು ಹೊಸ ಬಿಳಿ ಬಟ್ಟೆಗಳು. ಮುಂಡಪ್ಪ ಅವುಗಳ ಕೆಳಗೆ ಕೊಕ್ಕರೆಯ ಹಾಗೆ ಬೆಳ್ಳಗೆ ಮಲಗಿದ.

ಗಂಟೆ ಹನ್ನೊಂದೂವರೆ ಆಗಿತ್ತು.

"ಈಗಲೇ ಎತ್ತಿ," ಎಂದಳು ರತ್ನಾವತಿ. "ಹೀಗೆಯೇ ಹೋಗಲಿ."

*

ಎರಡು ಸಾವಿರದ ನಾಲ್ಕರಲ್ಲಿ ಸುಂದರಿಯ ಗಂಡ ನೆರೂಳಿನಲ್ಲಿ ಫ್ಲ್ಯಾಟು ಕೊಂಡ. ಗೃಹಪ್ರವೇಶಕ್ಕೆ ಮುಂಡಪ್ಪ ಕಾಫಿ ಬಣ್ಣದ ಶರ್ಟು ಹಾಕಿಕೊಂಡು ಹೋದ. ಅವನ ಹತ್ತಿರ ಇದ್ದದ್ದೆಲ್ಲ ಕಾಫಿ, ನೀಲಿ, ಕಪ್ಪು. ಬಿಳಿ ಶರ್ಟು ಹಾಕಿದರೆ ಬೆವರಿನೊಂದಿಗೆ ಪ್ಲಾಂಟಿನ ಬಣ್ಣ ಇಳಿದು, ಮಧ್ಯಾಹ್ನದೊಳಗೆ ಬೆನ್ನ ಮೇಲೆ ನಕಾಶೆ ಬಿಡಿಸಿದ ಹಾಗಾಗುತ್ತಿತ್ತು. ಕೆಂಪು ಬಣ್ಣ ಮಾಡುವ ತಿಂಗಳು ಕೆಂಪು, ಹಳದಿ ಮಾಡುವ ತಿಂಗಳು ಹಳದಿ. ರತ್ನಾವತಿ ಅವನ ದಿಂಬಿನ ಕವರನ್ನು ಬೇರೆಯೇ ಬಾಲ್ದಿಯಲ್ಲಿ ಒಗೆಯುತ್ತಿದ್ದಳು. ಕಾರ್ಖಾನೆಯಲ್ಲಿ ಈಗ ಏನು ತಯಾರಾಗುತ್ತಿದೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಕವರು ನೋಡಿದರೆ ಸಾಕಿತ್ತು.

ನೆರೂಳಿನ ಹಾಲಿನಲ್ಲಿ ಬಿಳಿ ಸೋಫಾ ಇತ್ತು. ಮುಂಡಪ್ಪ ಕೂರಲು ಹೋದ.

"ಒಂದು ನಿಮಿಷ ಅಣ್ಣ," ಎಂದಳು ಸುಂದರಿ. ಒಳಗೆ ಓಡಿ ಎರಡು ಹಾಳೆ ಪೇಪರು ತಂದು, ಸೋಫಾದ ಮೇಲೊಂದು, ಬೆನ್ನಿಗೊಂದು ಹಾಸಿದಳು. "ಈಗ ಕೂತ್ಕೊ."

ಹಾಲಿನಲ್ಲಿ ಇಪ್ಪತ್ತು ಮಂದಿ ಇದ್ದರು. ಮುಂಡಪ್ಪ ಪೇಪರಿನ ಮೇಲೆ ಕೂತ. ಅಲುಗಿದಾಗಲೆಲ್ಲ ಪೇಪರು ಸರ್ ಸರ್ ಎನ್ನುತ್ತಿತ್ತು. ಹಾಗಾಗಿ ಅಲುಗಲಿಲ್ಲ. ಸುಂದರಿಯ ಗಂಡ ಹೊಟ್ಟೆ ಸವರಿಕೊಳ್ಳುತ್ತ ಬಂದು, "ನಿನ್ನೆಯಿಂದ ಭಾರೀ ಆಸಿಡಿಟಿ ಭಾವ," ಎಂದ.

ಮುಂಡಪ್ಪ ತೋಳು ಮಡಚಿ ಮೊಣಕೈ ಕೆಳಗಿನ ಕಲೆ ತೋರಿಸಿದ. ಸುಕ್ಕುಗಟ್ಟಿ ಹೊಳೆಯುವ, ಕೂದಲಿಲ್ಲದ ಚರ್ಮ. "ಆಸಿಡ್ ಅಂದ್ರೆ ಇದು ಭಾವ. ನಿಮ್ಮದು ನಿನ್ನೆಯ ಬೋಂಡ."

ಎಲ್ಲರೂ ನಕ್ಕರು. ಅವನೂ ನಕ್ಕ.

ಊರಲ್ಲಿ ಅವನ ತಾಯಿ ಬದುಕಿದ್ದಷ್ಟು ದಿನ ಕೇಳಿದವರಿಗೆಲ್ಲ "ಮಗ ಬೊಂಬಾಯಿಯಲ್ಲಿ ರಸಾಯನದ ಕಾರ್ಖಾನೆಯಲ್ಲಿದ್ದಾನೆ" ಎಂದು ಹೇಳಿಕೊಳ್ಳುತ್ತಿದ್ದಳು. ಅವಳು ಕಂಡ ರಸಾಯನ ಒಂದೇ, ಬಾಳೆಹಣ್ಣಿಗೆ ಬೆಲ್ಲ, ತೆಂಗಿನ ಹಾಲು ಹಾಕಿ ಕಲಸಿದ್ದು. ಮುಂಡಪ್ಪ ತಿದ್ದಲು ಹೋಗಲಿಲ್ಲ. ಮಗ ಸಿಹಿ ಮಾಡುತ್ತಿದ್ದಾನೆ ಎಂದುಕೊಂಡೇ ಮುದುಕಿ ಸತ್ತಳು.

ನೆರೂಳಿನಿಂದ ಹಿಂದಿರುಗುವಾಗ ಟ್ರೇನಿನಲ್ಲಿ ಖಾಲಿ ಸೀಟು ಇದ್ದರೂ ಅವನು ಬಾಗಿಲ ಹತ್ತಿರವೇ ನಿಂತ. ಠಾಣೆ ಊರು ದಾಟಿದ ಮೇಲೆ ಹೆಂಡತಿಗೆ ಹೇಳಿದ, "ನಾನು ಹೋಗುವ ದಿನ ನನ್ನನ್ನು ಬೆಳ್ಳಗೆ ಮಾಡಿ ಕಳಿಸು ಮಾರಾಯ್ತಿ. ಒಂದು ದಿನವಾದರೂ ಬಿಳಿ ಬಟ್ಟೆ ಬಿಳಿಯಾಗಿ ಇರಲಿ."

*

ಆದರೆ ಹೆಣ ಎತ್ತಲಿಲ್ಲ. ಸಮಿತ್ ಮೆಟ್ಟಿಲ ಬಳಿ ಫೋನಿನಲ್ಲಿದ್ದ. ಮುಂಡಪ್ಪನ ಒಬ್ಬನೇ ಮಗ, ಇಪ್ಪತ್ತೈದು ವರ್ಷ, ಸಾನಪಾಡಾದ ಒಂದು ಆಫೀಸಿನಲ್ಲಿ ಕೆಲಸ. ಅಪ್ಪ ಅಮ್ಮ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಅವನ ಉತ್ತರ ಹಿಂದಿ ಬೆರೆತೇ ಬರುತ್ತಿತ್ತು.

"ಮಮ್ಮಿ, ರುಕೋ. ವಸಂತಕುಮಾರ್ ಸರ್ ಆ ರಹೇ ಹೈ. ಪ್ಲಾಂಟ್ ಹೆಡ್ ಖುದ್! ಬಹುತ್ ಪಾಸಿಟಿವ್ ರಿಯಾಕ್ಷನ್ ಥಾ ಉನಕಾ. ಪಪ್ಪಾ ಬಗ್ಗೆ ಮಾತಾಡ್ತಾರಂತೆ, ಕಂಪನಿ ಮ್ಯಾಗಜಿನ್‌ನಲ್ಲಿ ಫೋಟೋ ಆಯೇಗಾ."

"ಎಷ್ಟು ಹೊತ್ತಿಗೆ?"

"ಬಸ್, ಅರ್ಧ ಗಂಟೆ."

"ರಿಯಾಕ್ಷನ್!" ಎಂದ ಭುಜಂಗ. "ತಮ್ಮಾ, ನಮ್ಮ ಪ್ಲಾಂಟಿನ್ಯಾಗ ರಿಯಾಕ್ಷನ್ ಅಂದ್ರ ನಾವು ಓಡಿಹೋಗ್ತೀವಿ. ಫೋಟೋಕ್ಕ ನಿಂದ್ರೂದಿಲ್ಲ."

"ಅಂಕಲ್, ಪ್ಲೀಸ್. ಇತನಾ ಟಾಕ್ಸಿಕ್ ಆಗ್ಬೇಡಿ."

ಭುಜಂಗ ಆ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. ಹೆಣದ ಕಡೆ ನೋಡಿ, ಚರಂಡಿಗೆ ಉಗುಳಿ ಬಂದ.

ಅರ್ಧ ಗಂಟೆ ಒಂದು ಗಂಟೆಯಾಯಿತು. ಹೆಣ ಕೆಡುವ ಬಿಸಿಲು. ಮೀನು ಮಾರ್ಕೆಟಿನಿಂದ ಭುಜಂಗ ಎರಡು ಗೋಣಿ ಐಸು ತಂದು ಬೆಂಚಿನ ಮೇಲೆ ಬಂಗಡೆಗೆ ಹರಡುವ ಹಾಗೆ ಹರಡಿದ. ಅದರ ಮೇಲೆ ಮುಂಡಪ್ಪನನ್ನು ಮಲಗಿಸಿದರು. ಐಸು ಕರಗಿತು. ನೀರು ಬೆನ್ನಡಿಗೆ ನಿಂತಿತು. ಒಂದೂವರೆಗೆ ರತ್ನಾವತಿ ಬಂದು ಬಟ್ಟೆಯ ಅಂಚು ಎತ್ತಿ ನೋಡಿದಳು.

ಅಂಚು ಹಳದಿಯಾಗಿತ್ತು.

ಮೇಲಿನದನ್ನೆಲ್ಲ ಅವಳು ತೆಗೆದಿದ್ದಳು. ಇದು ಒಳಗಿನದು. ಚರ್ಮದ ಕೆಳಗೆ ಎಲ್ಲೋ ಇಪ್ಪತ್ತೆಂಟು ವರ್ಷ ಕೂತಿದ್ದದ್ದು ನೆನೆದು ಈಗ ಹೊರಗೆ ಬರುತ್ತಿತ್ತು. ಕಾಲಿನ ಕಡೆಯಿಂದ ಮೊಣಕಾಲಿಗೆ, ಸೊಂಟದಿಂದ ಬೆನ್ನಿಗೆ. ಅವಳು ಬಟ್ಟಲು ಹುಡುಕಿದಳು, ನಾರು ಹುಡುಕಿದಳು. ಸುಂದರಿ ಅವಳ ಕೈ ಹಿಡಿದಳು.

"ಬಿಡಿ ಅತ್ತಿಗೆ. ಇನ್ನು ಎಷ್ಟು ಅಂತ ತೊಳೀತೀರಿ?"

"ಹನ್ನೊಂದೂವರೆಗೆ ಬಿಳಿ ಇತ್ತು," ಎಂದಳು ರತ್ನಾವತಿ. "ನೀನೂ ನೋಡಿದ್ದೀಯಲ್ಲ? ಬಿಳಿ ಇತ್ತಲ್ಲ?"

ಸುಂದರಿ ತಲೆಯಾಡಿಸಿದಳು. ಈ ಬಾರಿ ಸೆರಗು ಮೂಗಿಗಲ್ಲ, ಕಣ್ಣಿಗೆ ಹೋಯಿತು.

*

ಎರಡು ಸಾವಿರದ ಹನ್ನೊಂದರ ಜೂನಿನಲ್ಲಿ ಮೊದಲ ಸಲ ಮುಂಡಪ್ಪನ ಉಚ್ಚೆ ಕೆಂಪಾಯಿತು. ಪಾಯಿಖಾನೆಯ ಬಿಳಿ ಹಾಸಿನ ಮೇಲೆ ಉಳಿದಿದ್ದ ಹನಿಗಳನ್ನು ರತ್ನಾವತಿ ನೋಡಿ ಹೆದರಿದಳು.

"ಎಂತ ಇದು?"

"ಬಣ್ಣ," ಎಂದ ಮುಂಡಪ್ಪ, ಗಡ್ಡ ಹೆರೆಯುತ್ತ. "ಈಗ ಕೆಂಪು ಬ್ಯಾಚು ನಡೀತಾ ಉಂಟು. ಪ್ಲಾಂಟಿನಲ್ಲಿ ಎಲ್ಲರಿಗೂ ಹೀಗೆ. ಭುಜಂಗನಿಗೆ ಹೋದ ವರ್ಷ ಹಸಿರು ಬರ್ತಿತ್ತು, ಗಿಳಿ ಅಂತ ತಮಾಷೆ ಮಾಡ್ತಿದ್ದೆವು."

ಅದು ಸುಳ್ಳಾಗಿರಲಿಲ್ಲ. ಬಣ್ಣದ ಕಾರ್ಖಾನೆಯವರ ಉಗುಳು, ಬೆವರು, ಉಚ್ಚೆ ಎಲ್ಲದಕ್ಕೂ ಬಣ್ಣ ಬರುತ್ತದೆ. ಬೇರೆ ಯಾವ ಮನುಷ್ಯನಾದರೂ ಕೆಂಪು ಕಂಡ ದಿನವೇ ಡಾಕ್ಟರ ಬಾಗಿಲಿಗೆ ಓಡುತ್ತಿದ್ದ. ಇವರು ಓಡುವುದಿಲ್ಲ. ಇವರಿಗೆ ಕೆಂಪೆಂದರೆ ಆ ತಿಂಗಳ ಬ್ಯಾಚು.

ಗಣೇಶ ಚೌತಿಗೆ ಕೆಂಪು ಬ್ಯಾಚು ಮುಗಿದು ಹಳದಿಯ ದೊಡ್ಡ ಆರ್ಡರು ಶುರುವಾಯಿತು, ಆಮೇಲೆ ಬಣ್ಣ ಬದಲಾಗಲೇ ಇಲ್ಲ. ದಿಂಬಿನ ಕವರು ಹಳದಿಯಾಯಿತು. ಶರ್ಟಿನ ಕಾಲರು ಹಳದಿಯಾಯಿತು. ಪಾಯಿಖಾನೆಯಲ್ಲಿ ಮಾತ್ರ ಕೆಂಪು ನಿಲ್ಲಲಿಲ್ಲ. ದೀಪಾವಳಿಯ ಎಣ್ಣೆ ಸ್ನಾನದ ದಿನ ರತ್ನಾವತಿ ಕವರನ್ನು ಗಂಡನ ಮುಖದ ಎದುರು ಹಿಡಿದಳು.

"ಇದು ಹಳದಿ. ಅದು ಕೆಂಪು. ಬಣ್ಣ ಆದರೆ ಎರಡೂ ಒಂದೇ ಇರಬೇಕಲ್ಲ?"

ಮುಂಡಪ್ಪ ಕವರನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ಊರಿನ ಶಾಲೆಯಲ್ಲಿ ಐದನೇ ಕ್ಲಾಸು ಓದಿದವನು. ಆದರೆ ಪ್ಲಾಂಟಿನಲ್ಲಿ ಯಾವ ಡ್ರಮ್ಮಿನೊಳಗೆ ಏನಿದೆ ಎಂದು ಮುಚ್ಚಳ ತೆಗೆಯದೆ ಹೇಳಬಲ್ಲವನಾಗಿದ್ದ. "ಹೌದು ಮಾರಾಯ್ತಿ," ಎಂದ ನಿಧಾನಕ್ಕೆ. "ನಾಳೆ ಸಾರ್ ಹತ್ತಿರ ಕೇಳ್ತೇನೆ."

ವಸಂತಕುಮಾರ ಮೈಸೂರಿನ ಕಡೆಯವನು, ಕೆಮಿಸ್ಟ್ರಿಯಲ್ಲಿ ದೊಡ್ಡ ಡಿಗ್ರಿ. ಕನ್ನಡದವನು ಎಂದು ಮುಂಡಪ್ಪನಿಗೆ ಅವನ ಮೇಲೆ ಒಂದು ತೂಕ ಹೆಚ್ಚು ನಂಬಿಕೆ. ಮರುದಿನ ಭುಜಂಗನನ್ನೂ ಕರೆದುಕೊಂಡು ಹೋಗಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಕೇಳಿದ. ವಸಂತಕುಮಾರ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ರೆಸಿಡ್ಯೂ ಕಣ್ರೀ ಮುಂಡಪ್ಪ. ಹಳೇ ಬಣ್ಣ ಒಳಗೆ ಉಳ್ಕೊಂಡಿರುತ್ತೆ. ಎರಡು ತಿಂಗಳು ಚೆನ್ನಾಗಿ ನೀರು ಕುಡೀರಿ, ವಾಶ್ ಆಗಿ ಹೋಗುತ್ತೆ."

ಮುಂಡಪ್ಪ ನೀರು ಕುಡಿದ. ದಿನಕ್ಕೆ ಒಂದು ಕೊಡ ಕುಡಿದ. ಒಂದೂವರೆ ವರ್ಷ ಕುಡಿದ. ಮೊನ್ನೆ ಫೆಬ್ರವರಿಯಲ್ಲಿ ಉಚ್ಚೆಯಲ್ಲಿ ಹೆಪ್ಪುಗಟ್ಟಿದ ಕೆಂಪು ಗಂಟು ಬಿದ್ದಾಗ ಆಸ್ಪತ್ರೆಗೆ ಹೋದ. ಮೂತ್ರಕೋಶದ ಕ್ಯಾನ್ಸರು ಎಂದಿದ್ದ ಕಾಗದ ಕೆಳಗಿಟ್ಟು ಡಾಕ್ಟರು ಕೇಳಿದರು, "ಇಷ್ಟು ದಿನ ರಕ್ತ ಹೋಗ್ತಿತ್ತು, ಯಾಕೆ ಬರಲಿಲ್ಲ?"

"ಬಣ್ಣ ಅಂದ್ಕೊಂಡಿದ್ದೆ ಸಾರ್," ಎಂದ ಮುಂಡಪ್ಪ.

ಡಾಕ್ಟರಿಗೆ ಅರ್ಥವಾಗಲಿಲ್ಲ. ರತ್ನಾವತಿಗೆ ಆಯಿತು. ಅವತ್ತು ಮನೆಗೆ ಬಂದವಳು ದಿಂಬಿನ ಕವರನ್ನು ಬಿಚ್ಚಿ, ಒಗೆಯದೆ, ಮಡಿಸಿ ಟ್ರಂಕಿನಲ್ಲಿಟ್ಟಳು.

ಅದಾದ ಮೇಲೂ ನಡೆಯುವ ಶಕ್ತಿ ಇರುವವರೆಗೆ ಮುಂಡಪ್ಪ ಡ್ಯೂಟಿಗೆ ಹೋದ. ರಜೆ ಬೇಡವೆಂದಲ್ಲ. ಮನೆಯಲ್ಲಿ ಕೂತರೆ ಆ ಕವರಿನ ನೆನಪಾಗುತ್ತಿತ್ತು.

*

ವಸಂತಕುಮಾರ ಬಂದದ್ದು ಎರಡು ಗಂಟೆಗೆ. ಬಿಳಿ ಶರ್ಟು, ಇಸ್ತ್ರಿ ಮಡಿಕೆ ಇನ್ನೂ ಕತ್ತಿಯ ಹಾಗೆ ನಿಂತಿತ್ತು. ಜೊತೆಗೆ ಆಫೀಸಿನ ಒಬ್ಬಳು ಹುಡುಗಿ ಕಂಪನಿಯ ಹೆಸರಿನ ರಿಬ್ಬನ್ನು ಕಟ್ಟಿದ ಹೂವಿನ ಚಕ್ರ ಹೊತ್ತು ಬಂದಳು. ಅವನು ನಾಲೆಯ ವಾಸನೆಗೆ ಒಮ್ಮೆ ಮುಖ ಕಿವಿಚಿ, ಕರ್ಚೀಫು ತೆಗೆದು, ತನ್ನದೇ ನಾಲೆ ಎಂದು ನೆನಪಾದವನ ಹಾಗೆ ಕರ್ಚೀಫು ಮತ್ತೆ ಜೇಬಿಗೆ ಹಾಕಿದ.

"ಟ್ರಾಫಿಕ್ಕು. ಸಾರಿ ಸಮಿತ್," ಎಂದು ಹುಡುಗನ ಬೆನ್ನು ತಟ್ಟಿ ಎಲ್ಲರ ಎದುರು ನಿಂತ.

"ಮುಂಡಪ್ಪ ಅಂದ್ರೆ ನಮ್ಮ ಪ್ಲಾಂಟಿನ ಕ್ಯಾಟಲಿಸ್ಟ್ ಇದ್ದ ಹಾಗೆ. ಅವ್ರು ಪಕ್ಕದಲ್ಲಿದ್ರೆ ಸಾಕು, ಕೆಲಸ ತಾನಾಗೇ ಸ್ಪೀಡ್ ತಗೊಳ್ಳೋದು. ನಂದೂ ಅವ್ರದೂ ಇಪ್ಪತ್ತು ವರ್ಷದ ಕೆಮಿಸ್ಟ್ರಿ. ಒಂದು ಮಾತು ಹೆಚ್ಚು ಇಲ್ಲ, ಕಮ್ಮಿ ಇಲ್ಲ. ಅವರಿಲ್ಲದೆ ನಡೆಯೋದು ಕಂಪನಿಗೆ ಒಂದು ಆಸಿಡ್ ಟೆಸ್ಟು."

ಭುಜಂಗ ತನ್ನ ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡ. ಪ್ಲಾಂಟಿನ ಆಸಿಡಿನಲ್ಲಿ ಸುಟ್ಟ ಕಿರುಬೆರಳು ಅರ್ಧಕ್ಕೆ ನಿಂತಿತ್ತು. ಹುಡುಗಿ ಮೊಬೈಲು ಎತ್ತಿ ಹಿಡಿದು ಎಲ್ಲವನ್ನೂ ತುಂಬಿಸಿಕೊಳ್ಳುತ್ತಿದ್ದಳು.

ಸಮಿತ್ ಮಾತ್ರ 'ಕ್ಯಾಟಲಿಸ್ಟ್' ಎಂಬಲ್ಲೇ ಸಿಕ್ಕಿಕೊಂಡ.

*

ಹತ್ತನೇ ಕ್ಲಾಸಿನ ಪರೀಕ್ಷೆಗೆ ಅವನು ಜೋರಾಗಿ ಓದುತ್ತಿದ್ದ. ಕ್ಯಾಟಲಿಸ್ಟ್ ಕೆಲಸ ಬೇಗ ಮಾಡಿಸುತ್ತದೆ, ತಾನು ಮಾತ್ರ ಕೊನೆಗೆ ಹೇಗಿತ್ತೋ ಹಾಗೇ ಉಳಿಯುತ್ತದೆ. ಅಪ್ಪ ಊಟದ ತಟ್ಟೆ ಎದುರಿಟ್ಟುಕೊಂಡು ಕೇಳುತ್ತಿದ್ದ. ನಕ್ಕುಬಿಟ್ಟ.

"ಹಾಗೇ ಉಳಿಯುವುದು ಪುಸ್ತಕದಲ್ಲಿ ಮಗಾ. ನಮ್ಮಲ್ಲಿ ಎರಡು ವರ್ಷಕ್ಕೆ ಅದು ಸತ್ತು ಕರೀ ಬೂದಿ ಆಗ್ತದೆ. ಹೊರಗೆ ತೆಗೆದು, ಗೋಡೆಯ ಹಿಂದೆ ನಾಲೆಯ ಹತ್ತಿರ ಡ್ರಮ್ಮಿನಲ್ಲಿ ಬಿಸಾಡ್ತಾರೆ. ಬಾ ಒಂದು ದಿನ, ತೋರಿಸ್ತೇನೆ."

"ಪಪ್ಪಾ, ಎಕ್ಸಾಮ್ ಮೇ ಯೇ ನಹೀ ಲಿಖ್ ಸಕತೇ," ಎಂದಿದ್ದ ಸಮಿತ್, ಪುಸ್ತಕದಿಂದ ಮುಖ ಎತ್ತದೆ. ನೋಡಲೂ ಹೋಗಲಿಲ್ಲ. ಅಪ್ಪ ಸ್ಕೂಲಿನ ಹತ್ತಿರ ಬಂದರೇ ಅವನಿಗೆ ನಾಚಿಕೆಯಾಗುತ್ತಿತ್ತು.

*

ಹೊರಡುವ ಮುಂಚೆ ಬಂದವರೆಲ್ಲ ತುಳಸಿ ಎಲೆಯಿಂದ ಹೆಣದ ಬಾಯಿಗೆ ನೀರು ಬಿಡಬೇಕು. ವಸಂತಕುಮಾರನೇ ಮೊದಲು ಮುಂದೆ ಬಂದ. ಎಲೆ ಎತ್ತಿಕೊಂಡು, ಮೊಬೈಲಿನ ಕಡೆ ಸ್ವಲ್ಪ ತಿರುಗಿ, ಲೋಟಕ್ಕೆ ಕೈ ಚಾಚಿದ.

ರತ್ನಾವತಿ ಲೋಟದ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಒಂದು ಮಾತು ಹೇಳಿ ನೀರು ಬಿಡಿ ಸಾರ್. ನಮ್ಮ ಅತ್ತೆ ಹೇಳ್ತಿದ್ದರು, ಹೊಟ್ಟೆಯಲ್ಲಿ ಸುಳ್ಳು ಇಟ್ಟುಕೊಂಡವರು ಬಿಟ್ಟ ನೀರು ಸತ್ತವರ ಗಂಟಲು ಇಳಿಯುವುದಿಲ್ಲ ಅಂತ."

"ಏನಮ್ಮ? ಯಾವ ಮಾತು?"

"ಅದು ಬಣ್ಣವಾ, ರಕ್ತವಾ?"

ವಸಂತಕುಮಾರ ಸುತ್ತ ನೋಡಿದ.

"ನೋಡಿಮ್ಮ, ನೀವು ದುಃಖದಲ್ಲಿದ್ದೀರ. ಎಮೋಶನ್ ಸ್ಯಾಚುರೇಟ್ ಆಗಿದ್ದಾಗ ಇಂಥ ಮಾತೆಲ್ಲ ಬರುತ್ತೆ. ಹದಿಮೂರು ದಿನ ಕಳೀಲಿ, ಆಫೀಸಿಗೆ ಬನ್ನಿ. ಕೂತು ಒಂದು ಸೊಲ್ಯೂಶನ್ ಹುಡುಕೋಣ."

"ನನಗೆ ಆಫೀಸಿನಲ್ಲಿ ಎಂತ ಕೆಲಸವೂ ಇಲ್ಲ. ಇವರಿಗೆ ನೀವು ಹೇಳಿದ್ದನ್ನು ಇವರ ಎದುರೇ ಇನ್ನೊಮ್ಮೆ ಹೇಳಿ. ಬಣ್ಣ ಅಂತ ಹೇಳ್ತೀರಾದರೆ ಹೇಳಿ, ನೀರು ಕೊಡ್ತೇನೆ. ರಕ್ತ ಅಂತ ಹೇಳಿದರೂ ಕೊಡ್ತೇನೆ. ಯಾವುದಾದರೂ ಒಂದು."

"ಮಮ್ಮಿ, ಪ್ಲೀಸ್," ಎಂದ ಸಮಿತ್. "ಸಬ್ ದೇಖ್ ರಹೇ ಹೈ."

"ನೋಡ್ಲಿ."

ಅವಳು ಒಳಗೆ ಹೋದಳು. ಲೋಟವನ್ನೂ ಒಯ್ದಳು. ಬರುವಾಗ ಇನ್ನೊಂದು ಕೈಯಲ್ಲಿ ಮಡಿಸಿದ ಬಟ್ಟೆ ಇತ್ತು. ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ನಡುವೆ ತಲೆಯಿಟ್ಟ ಜಾಗದಲ್ಲಿ ಗಾಢ ಹಳದಿ, ಸುತ್ತ ತಿಳಿ ಹಳದಿ, ಬೆವರಿನ ಉಪ್ಪಿನ ಗೆರೆ. ಮುಗ್ಗಲು ವಾಸನೆ ಬಂತು.

"ಇದು ಇವರ ದಿಂಬಿನದು. ಒಂದೂವರೆ ವರ್ಷ ಹಳದಿಯೇ. ಪಾಯಿಖಾನೆಯಲ್ಲಿ ಕೆಂಪು. ನಾನು ಶಾಲೆಗೆ ಹೋದವಳಲ್ಲ ಸಾರ್. ಬಟ್ಟೆ ಒಗೆಯುವ ನನಗೆ ಕಂಡದ್ದು ಅಷ್ಟು ಓದಿದ ನಿಮಗೆ ಕಾಣಲಿಲ್ಲವಾ?"

"ಇದೆಲ್ಲ ಸೈಂಟಿಫಿಕ್ ಅಲ್ಲಮ್ಮ..."

"ಸಾಹೇಬ್ರ," ಎಂದ ಭುಜಂಗ. ಕೂಗಲಿಲ್ಲ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ಯಾರೂ ಕೇಳಿರಲಿಲ್ಲ. "ಆರ ತಿಂಗಳಿಗೊಮ್ಮೆ ಆಫೀಸಿನವರ ಉಚ್ಚಿ ಬಾಟ್ಲಿ ಠಾಣೆ ಊರಿನ ಲ್ಯಾಬಿಗೆ ಯಾರು ಒಯ್ತಿದ್ರು? ನಾನ. ಹನ್ನೊಂದು ಬಾಟ್ಲಿ, ಡಬ್ಬಿಯೊಳಗ, ಲೋಕಲ್ ಟ್ರೇನಿನ್ಯಾಗ ತೊಡಿ ಮ್ಯಾಲ ಇಟಗೊಂಡು ಒಯ್ತಿದ್ನಿ. ಮದ್ಲನೇ ಬಾಟ್ಲಿ ಮ್ಯಾಲ ನಿಮ್ಮ ಹೆಸರು. ನಿಮ್ದು ನೀರಿನಂಗ ಇತ್ರಿ, ಬಣ್ಣ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಟೆಸ್ಟ್ ಮಾಡಿಸ್ತಿದ್ರಿ."

"ಅದು ಆಫೀಸರ್ಸ್‌ಗೆ ಕಂಪನಿ ಪಾಲಿಸಿ," ಎಂದುಬಿಟ್ಟ ವಸಂತಕುಮಾರ.

ಆಡಿದ ಮೇಲೆ ಅವನಿಗೇ ಕೇಳಿಸಿತು. ಮೊಬೈಲು ಹಿಡಿದಿದ್ದ ಹುಡುಗಿಯ ಕೈ ತಾನಾಗಿ ಕೆಳಗಿಳಿಯಿತು.

ಸಮಿತ್ ಮೆಟ್ಟಿಲಿಂದ ಇಳಿದು ಬಂದು ಅವನ ಎದುರು ನಿಂತ. ಅಂಥ ಮಾತಾಡಲು ಅವನಿಗೆ ಹಿಂದಿ ಸಾಲದೆ ಹೋಯಿತೋ ಏನೋ, ತಡವರಿಸಿ ತಡವರಿಸಿ ಪೂರ್ತಿ ಕನ್ನಡದಲ್ಲೇ ಕೇಳಿದ.

"ನಿಮ್ಮದು ಟೆಸ್ಟ್ ಆಗ್ತಿತ್ತು. ನಮ್ಮ ಪಪ್ಪಂದು ಯಾಕೆ ಆಗಲಿಲ್ಲ?"

ವಸಂತಕುಮಾರ ಬೆರಳಲ್ಲಿದ್ದ ತುಳಸಿ ಎಲೆಯನ್ನು ಎಲ್ಲಿಡಬೇಕೆಂದು ತಿಳಿಯದೆ ತಿರುಗಿಸುತ್ತಿದ್ದ. ರತ್ನಾವತಿ ಕಾದಳು. ಆಮೇಲೆ ಲೋಟದ ನೀರನ್ನು ಅವನ ಬೂಟಿನ ಪಕ್ಕದ ನೆಲಕ್ಕೆ ಚೆಲ್ಲಿ, ಒಳಗಿನಿಂದ ಬೇರೆ ನೀರು ತಂದು, ಭುಜಂಗನ ಕೈಗೆ ಕೊಟ್ಟಳು.

"ನೀವು ಬಿಡಿ ಭುಜಂಗಣ್ಣ. ಮೊದಲು ನೀವು."

ಭುಜಂಗ ಬಿಟ್ಟ. ಸಮಿತ್ ಬಿಟ್ಟ. ಸುಂದರಿ ಬಿಟ್ಟಳು. ಅಣ್ಣನ ತುಟಿಯಿಂದ ಹೊರಗೆ ಹರಿದ ಹನಿಯನ್ನು ತನ್ನ ಬಿಳಿ ಸೀರೆಯ ಸೆರಗಿನಿಂದಲೇ ಒರೆಸಿದಳು. ಸೆರಗಿಗೆ ಹಳದಿ ಹತ್ತಿತು. ಅವಳು ನೋಡಿದಳು, ಕೊಡವಲಿಲ್ಲ.

ಚಟ್ಟಕ್ಕೆ ಮಲಗಿಸುವಾಗ ಸಮಿತ್ ಅಮ್ಮನ ಕೈಯಿಂದ ದಿಂಬಿನ ಕವರು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅಪ್ಪನ ತಲೆಯ ಕೆಳಗಿಟ್ಟ. ಬಿಳಿ ಬಟ್ಟೆಯಲ್ಲಿ ಆಗ ಬಿಳಿ ಉಳಿದಿದ್ದದ್ದು ಎದೆಯ ಮೇಲೆ ಒಂದು ಗೇಣು. ರತ್ನಾವತಿ ಆ ಗೇಣನ್ನು ಒಮ್ಮೆ ಸವರಿ ಕೈ ತೆಗೆದಳು.

"ಎತ್ರಿ," ಎಂದ ಭುಜಂಗ.

ಗಲ್ಲಿ ಸಣ್ಣದು. ಶವದ ಗಾಡಿ ರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಹೆಗಲ ಮೇಲೆ ಹೊರಬೇಕು. ವಸಂತಕುಮಾರ ಹಿಂದಿನ ಹೆಗಲಿಗೆ ನುಗ್ಗಿದ. ಎಲ್ಲರ ಎದುರು ಬರಿಗೈಯಲ್ಲಿ ಹಿಂದಿರುಗಿದರೆ ಕೇಳಿದ ಮಾತೆಲ್ಲ ನಿಜವೆಂದಾಗುತ್ತದೆ ಎಂದುಕೊಂಡಿರಬೇಕು. ಯಾರೂ ತಡೆಯಲಿಲ್ಲ. ಐಸಿನ ನೀರು ಕುಡಿದ ಬಟ್ಟೆಯಿಂದ ಚಟ್ಟ ಭಾರವಾಗಿತ್ತು. ಓರೆಯಾದ ಕಡೆಯಿಂದ ಹನಿ ಹನಿಯಾಗಿ ತೊಟ್ಟಿಕ್ಕುತ್ತ ಹೋಯಿತು.

ಹೆಂಗಸರು ಹಿಂದೆ ಉಳಿದರು. ರತ್ನಾವತಿ ಬೆಂಚು ತೊಳೆಯಲು ಬಾಲ್ದಿ ತಂದಳು.

ಗಾಡಿ ಹೋದ ಮೇಲೆ ವಸಂತಕುಮಾರ ಕಾರಿನ ಕೀಲಿ ಹಿಡಿದು ಅಂಗಳಕ್ಕೆ ಬಂದ, ನಲ್ಲಿಯ ಹತ್ತಿರ ನಿಂತ. ಬಲ ಹೆಗಲಿಂದ ಜೇಬಿನವರೆಗೆ ಶರ್ಟು ಹಳದಿಯಾಗಿತ್ತು. ಕರ್ಚೀಫು ಒದ್ದೆ ಮಾಡಿ ತಿಕ್ಕಿದ. ಹಳದಿ ಕರ್ಚೀಫಿಗೆ ಬಂತು, ಬೆರಳಿಗೆ ಬಂತು, ಎದೆಗೆ ಹರಡಿತು. ತಿಕ್ಕಿದಷ್ಟೂ ಅಗಲವಾಯಿತು. ಕೊನೆಗೆ ನಲ್ಲಿ ನಿಲ್ಲಿಸಿ, ಸುತ್ತ ಗಂಡಸರು ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದ.

"ಅಮ್ಮಾ, ನಿಮಗೆ ಗೊತ್ತಿರುತ್ತಲ್ಲ. ಇದು ಹೇಗೆ ಹೋಗುತ್ತೆ?"

ರತ್ನಾವತಿ ಅವನ ಶರ್ಟನ್ನು ನೋಡಿದಳು. ಬೆಂಚಿನ ಕೆಳಗೆ ಬೆಳಗಿನ ಬ್ಲೀಚಿಂಗ್ ನೀರಿನ ಸ್ಟೀಲಿನ ಬಟ್ಟಲು ಇತ್ತು, ಅರ್ಧ ಉಳಿದಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಅವನು ಎರಡು ಕೈ ಚಾಚಿದ.

ಅವಳು ಅವನನ್ನು ದಾಟಿ ಹೋಗಿ ಬಟ್ಟಲನ್ನು ಚರಂಡಿಗೆ ಬಗ್ಗಿಸಿದಳು. ಬಿದ್ದ ಜಾಗದಲ್ಲಿ ನೀರು ಒಂದು ಕ್ಷಣ ಬೆಳ್ಳಗಾಯಿತು. ಮೇಲಿನಿಂದ ಮತ್ತೆ ಹಳದಿ ಬಂತು. ಎರಡೂ ಕೂಡಿ ಕಾಂಪೌಂಡಿನ ಕಂಡಿಯಿಂದ ಹೊರಬಿದ್ದು ನೇರಳೆ ನಾಲೆಗೆ ಇಳಿದವು.